ಹಿಮಕುಸಿತದಲ್ಲಿ ಜೊತೆಗಾರರು ಹೂತುಹೋದರೆ ಹತ್ತು ನಿಮಿಷದಲ್ಲಿ ತೆಗೆಯುವುದು ಹೇಗೆ? ಕಲಿಯಲು ಹೊರಟವರಿಗೆ ಮಾರ್ಗದರ್ಶಿ

ನವೆಂಬರ್ ಬಂತೆಂದರೆ ಸಿಯಾಟಲ್ ಸುತ್ತಮುತ್ತಲಿನ ನಮ್ಮ ಕನ್ನಡದವರಿಂದ ಒಂದೇ ಪ್ರಶ್ನೆ. "ಸ್ನೋಶೂ ತಗೊಂಡಿದ್ದೀವಿ, ಬೀಕನ್ ಯಾವುದು ತಗೊಳ್ಳೋದು?" (ಸ್ನೋಶೂ ಅಂದರೆ ಹಿಮದಲ್ಲಿ ಕಾಲು ಹುದುಗದ ಹಾಗೆ ಬೂಟಿಗೆ ಕಟ್ಟಿಕೊಳ್ಳುವ ಅಗಲ ಚೌಕಟ್ಟು; ಬೀಕನ್ ಅಂದರೆ ಹಿಮದಡಿ ಹೂತವರನ್ನು ಹುಡುಕಲು ಎಲ್ಲರೂ ಮೈಗೆ ಕಟ್ಟಿಕೊಳ್ಳುವ ಸಿಗ್ನಲ್ ಸಾಧನ.) ಈಚೆಗೆ ಬೆಂಗಳೂರಿನಿಂದಲೂ ಕೇಳುತ್ತಾರೆ, ಗುಲ್ಮಾರ್ಗ್‌ಗೆ ಸ್ಕೀ ಮಾಡಲು ಹೊರಟವರು. ಎಷ್ಟು ಸಲ ಅಂತ ಒಬ್ಬೊಬ್ಬರಿಗೂ ಹೇಳುವುದು, ಅದಕ್ಕೇ ಬರೆದಿಟ್ಟಿದ್ದೇನೆ.

ಯಾವ ಬೀಕನ್ ಅನ್ನುವುದು ಅರ್ಧ ಗಂಟೆಯಲ್ಲಿ ಮುಗಿಯುವ ವಿಷಯ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ: ನಿಮ್ಮ ಜೊತೆ ಬರುವವರಿಗೆ ಅದನ್ನು ಬಳಸಲು ಬರುತ್ತದಾ? ನೀವು 500 ಡಾಲರ್ ಕೊಟ್ಟು ತಂದ ಬೀಕನ್ ನಿಮ್ಮನ್ನು ಹುಡುಕುವುದಿಲ್ಲ. ಅದು ಹಿಮದಡಿಯಲ್ಲಿ ನಿಮ್ಮ ಎದೆ ಮೇಲೆ ಕೂಗುತ್ತಾ ಬಿದ್ದಿರುತ್ತದೆ. ಹುಡುಕಬೇಕಾದವರು ಮೇಲಿರುತ್ತಾರೆ, ಅವರ ಬೀಕನ್ ಇನ್ನೂ ಡಬ್ಬಿಯಿಂದ ಆಚೆ ಬಂದಿರುವುದಿಲ್ಲ. ಹಾಗಾಗಿ ಗಂಡನೊಬ್ಬನೇ ಕೋರ್ಸ್ ಮಾಡಿ ಹೆಂಡತಿ ಮನೆಯಲ್ಲಿ ಇದ್ದುಬಿಡುವುದು, ನಾಲ್ವರಲ್ಲಿ "ಗೊತ್ತಿರುವ ಒಬ್ಬ" ಇದ್ದಾನಲ್ಲ ಅಂತ ಮಿಕ್ಕವರು ಆರಾಮಾಗಿ ಹೊರಡುವುದು, ಇವೆರಡೂ ಬೇಡ. ಆ ಗೊತ್ತಿರುವ ಒಬ್ಬನೇ ಹೂತುಹೋದರೆ?

ಪದದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಹಿಮ ಬೀಳುವುದಕ್ಕೂ ಹಿಮಪಾತ ಅನ್ನುತ್ತಾರೆ, ಬೆಟ್ಟದಿಂದ ಹಿಮ ಜಾರಿ ಬರುವುದಕ್ಕೂ ಹಿಮಪಾತ ಅನ್ನುತ್ತಾರೆ. ಗೊಂದಲ ಆಗುತ್ತದೆ. ಇಲ್ಲಿ ನಾನು ಜಾರಿ ಬರುವುದಕ್ಕೆ, ಅಂದರೆ ಇಂಗ್ಲಿಷಿನ ಅವಲಾಂಚ್‌ಗೆ, ಹಿಮಕುಸಿತ ಅಂತಲೇ ಬರೆಯುತ್ತೇನೆ. ಇಲ್ಲಿ ಹೇಳುವುದೆಲ್ಲ ಬ್ಯಾಕ್‌ಕಂಟ್ರಿಗೆ. ಅಂದರೆ ಸ್ಕೀ ರೆಸಾರ್ಟ್‌ನ ಗಡಿಯ ಆಚೆ, ಕಾವಲು ಸಿಬ್ಬಂದಿ ಇಲ್ಲದ, ಅಪಾಯದ ಹಿಮವನ್ನು ಯಾರೂ ಮೊದಲೇ ಉರುಳಿಸಿಡದ ಜಾಗ.

"ನಾವು ಸ್ಕೀ ಮಾಡಲ್ಲ, ಸುಮ್ನೆ ನಡೀತೀವಿ"

ಇದು ನಾನು ಅತಿ ಜಾಸ್ತಿ ಕೇಳುವ ಮಾತು. ಹಿಮಕ್ಕೆ ನಿಮ್ಮ ಕಾಲಲ್ಲಿ ಸ್ಕೀ ಇದೆಯೋ ಸ್ನೋಶೂ ಇದೆಯೋ ಗೊತ್ತಾಗುವುದಿಲ್ಲ. ಸಿಯಾಟಲ್ ಕಡೆಯ ಸ್ನೋಕ್ವಾಲ್ಮಿ ಪಾಸ್ ಹತ್ತಿರ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಸ್ನೋ ಲೇಕ್ ದಾರಿ ಚಳಿಗಾಲದಲ್ಲಿ ಹಿಮ ಕುಸಿಯುವ ಜಾಗಗಳನ್ನೇ ದಾಟಿಕೊಂಡು ಹೋಗುತ್ತದೆ. ಗ್ರಾನೈಟ್ ಮೌಂಟನ್ ದಾರಿಯೂ ಹಾಗೇ. ಅದೇ ವಾಷಿಂಗ್ಟನ್ ರಾಜ್ಯದ ವೆಲ್ಲಿಂಗ್ಟನ್ ಎಂಬಲ್ಲಿ 1910ರ ಮಾರ್ಚ್ 1ರಂದು ನಿಂತಿದ್ದ ರೈಲುಗಳನ್ನೇ ಹಿಮ ಕೆಳಗೆ ತಳ್ಳಿ 96 ಜನ ಸತ್ತರು. ಅವರು ಯಾರೂ ಸ್ಕೀ ಮಾಡುತ್ತಿರಲಿಲ್ಲ.

ಹೇಗೆ ಆಗುತ್ತದೆ ಅಂತ ಸ್ವಲ್ಪ ಗೊತ್ತಿರಲಿ. ಇಳಿಜಾರಾಗಿ ಇಟ್ಟ ಹಲಗೆಯ ಮೇಲೆ ರಾಗಿ ಕಾಳು ಹರಡಿ, ಅದರ ಮೇಲೆ ಇನ್ನೊಂದು ಹಲಗೆ ಇಡಿ. ಕೆಳಗಿನ ಕಾಳು ಒಂದಕ್ಕೊಂದು ಅಂಟುವುದಿಲ್ಲ. ಮೇಲಿನ ಹಲಗೆ ಹೇಗೋ ನಿಂತಿರುತ್ತದೆ, ಒಂದು ಬೆರಳು ತಾಕಿಸಿದರೆ ಸರ್ರಂತ ಜಾರುತ್ತದೆ. ಹಿಮದ ಪದರಗಳೂ ಹೀಗೇ: ಅಡಿಯಲ್ಲಿ ಸಕ್ಕರೆಯಂಥ ಸಡಿಲ ಹಿಮ, ಮೇಲೆ ಗಟ್ಟಿಯಾದ ಚಪ್ಪಡಿ. ಬೆರಳಿನ ಬದಲು ನಿಮ್ಮ ತೂಕ. ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಜನರ ವಿಷಯದಲ್ಲಿ ಅದನ್ನು ಶುರು ಮಾಡಿದ್ದು ಅವರೇ, ಅಥವಾ ಅವರ ಗುಂಪಿನವರೇ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇದು ಜಾಸ್ತಿ. ಆದರೆ ಅಂಥ ಇಳಿಜಾರಿನ ಬುಡದ ಸಮತಟ್ಟಿನಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದರೂ ಅದು ನಿಮ್ಮ ಮೇಲೆಯೇ ಬರುತ್ತದೆ.

ಹತ್ತೇ ನಿಮಿಷ ಯಾಕೆ

ಸ್ವಿಟ್ಜರ್ಲೆಂಡಿನ ದಶಕಗಳ ಅಂಕಿ ಅಂಶ ಇಟ್ಟುಕೊಂಡು 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಲೆ ಮುಚ್ಚುವಷ್ಟು ಹೂತುಹೋದವರನ್ನು ಮೊದಲ 10 ನಿಮಿಷದೊಳಗೆ ಹೊರತೆಗೆದರೆ ನೂರಕ್ಕೆ 91 ಜನ ಬದುಕುತ್ತಾರೆ. 30 ನಿಮಿಷದ ಹೊತ್ತಿಗೆ ಅದು 31ಕ್ಕೆ ಇಳಿಯುತ್ತದೆ. ಸಾಯುವುದು ಹೆಚ್ಚಾಗಿ ಚಳಿಯಿಂದಲ್ಲ, ಉಸಿರು ಕಟ್ಟಿ. ಹೆಲಿಕಾಪ್ಟರ್ ಎಷ್ಟೇ ಬೇಗ ಬಂದರೂ ಹತ್ತು ನಿಮಿಷದಲ್ಲಿ ಬರುವುದಿಲ್ಲ. ಅಲ್ಲಿರುವವರು ನೀವೇ.

"ಹನುಮಂತಪ್ಪ ಆರು ದಿನ ಬದುಕಿದ್ದರಲ್ಲ" ಅಂತ ಕೇಳುವವರಿದ್ದಾರೆ. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮದಡಿ ಸಿಕ್ಕಿ, 8ರಂದು ಜೀವಂತ ಸಿಕ್ಕಿದರು. 11ರಂದು ತೀರಿಕೊಂಡರು. ಕರ್ನಾಟಕದಲ್ಲಿ ಅದನ್ನು ಮರೆತವರಿಲ್ಲ. ಆದರೆ ಅವರು ಟೆಂಟಿನೊಳಗೆ ಇದ್ದರು, ಉಸಿರಾಡಲು ಜಾಗ ಉಳಿದಿತ್ತು. ಅವರ ಜೊತೆಗಿದ್ದ ಒಂಬತ್ತು ಜನ ಉಳಿಯಲಿಲ್ಲ. ಬಯಲಲ್ಲಿ ಸಿಕ್ಕಿದವರಿಗೆ ಮುಖದ ಮುಂದೆ ಒಂದು ಬೊಗಸೆಯಷ್ಟು ಗಾಳಿ ಸಿಕ್ಕರೆ ಪುಣ್ಯ.

ಏನೇನು ಬೇಕು

ಮೂರು ಸಾಮಾನು. ಮೂರೂ ಪ್ರತಿಯೊಬ್ಬರ ಹತ್ತಿರವೂ. ಹಂಚಿಕೊಳ್ಳುವ ಮಾತೇ ಇಲ್ಲ.

ಬೀಕನ್: ಟ್ರಾನ್ಸೀವರ್ ಅಂತಲೂ ಅನ್ನುತ್ತಾರೆ. ಸದಾ ಸಿಗ್ನಲ್ ಕಳಿಸುತ್ತಿರುತ್ತದೆ, ಹುಡುಕುವ ಮೋಡ್‌ಗೆ ಹಾಕಿದರೆ ಬೇರೆಯವರ ಸಿಗ್ನಲ್ ಹಿಡಿಯುತ್ತದೆ. ಎಲ್ಲ ಕಂಪನಿಯವೂ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ, ಹಾಗಾಗಿ ನಿಮ್ಮದೊಂದು ಬ್ರ್ಯಾಂಡ್ ಅವರದೊಂದು ಬ್ರ್ಯಾಂಡ್ ಆದರೂ ತೊಂದರೆ ಇಲ್ಲ. ಮೂರು ಆಂಟೆನಾ ಇರುವ ಡಿಜಿಟಲ್ ಆಗಿರಲಿ. ಯಾರೋ ಅಟ್ಟದಿಂದ ತೆಗೆದು ಕೊಟ್ಟ ಹಳೆಯದು ಬೇಡ. ಇದನ್ನು ಬ್ಯಾಗಿನಲ್ಲಿ ಇಡಬಾರದು, ಹಿಮ ಬ್ಯಾಗನ್ನು ಕಿತ್ತುಕೊಂಡು ಹೋಗುತ್ತದೆ. ಪಟ್ಟಿ ಹಾಕಿಕೊಂಡು ಮೈಗೇ ಕಟ್ಟಿಕೊಳ್ಳಬೇಕು, ಮೇಲೆ ಜಾಕೆಟ್.

ಪ್ರೋಬ್: ಮಡಚಿಡುವ ಉದ್ದ ಕೋಲು, ಟೆಂಟ್ ಕೋಲಿನ ಹಾಗೆ ಒಳಗೆ ಹಗ್ಗ ಇರುತ್ತದೆ. ಹಿಮದೊಳಗೆ ಚುಚ್ಚಿ ಮನುಷ್ಯ ಎಲ್ಲಿದ್ದಾನೆ ಅಂತ ಖಚಿತ ಮಾಡಿಕೊಳ್ಳಲು. 240 ಸೆಂಟಿಮೀಟರ್‌ಗಿಂತ ಗಿಡ್ಡದ್ದು ಬೇಡ, 280-300 ಇದ್ದರೆ ಒಳ್ಳೆಯದು.

ಸಲಿಕೆ: ಲೋಹದ್ದು. ಪ್ಲಾಸ್ಟಿಕ್‌ದು ತರಬೇಡಿ. ಕುಸಿದು ನಿಂತ ಹಿಮ ಹಿಟ್ಟಿನ ಹಾಗಿರುವುದಿಲ್ಲ, ನಿಂತ ಕೂಡಲೇ ಗಾರೆಯ ಹಾಗೆ ಬಿಗಿಯುತ್ತದೆ. ಪ್ಲಾಸ್ಟಿಕ್ ಅಲ್ಲೇ ಮುರಿಯುತ್ತದೆ.

ಬ್ಯಾಟರಿ ವಿಷಯದಲ್ಲಿ ಕಂಜೂಸಿತನ ಮಾಡಬೇಡಿ. ಹೆಚ್ಚಿನ ಬೀಕನ್‌ಗಳಿಗೆ ಆಲ್ಕಲೈನ್ ಹಾಕಬೇಕು, ರೀಚಾರ್ಜ್ ಆಗುವವು ಸಲ್ಲ. ಲಿಥಿಯಂ ಹಾಕಬಹುದಾ ಅನ್ನುವುದು ಮ್ಯಾನುಯಲ್‌ನಲ್ಲಿ ಇರುತ್ತದೆ. ಅರ್ಧಕ್ಕಿಂತ ಕೆಳಗೆ ಬಂತಾ, ಬದಲಿಸಿ. ತೆಗೆದ ಬ್ಯಾಟರಿಯನ್ನು ಟಿವಿ ರಿಮೋಟ್‌ಗೆ ಹಾಕಿಕೊಳ್ಳಿ, ದಂಡ ಆಗುವುದಿಲ್ಲ.

ಏರ್‌ಬ್ಯಾಗ್ ಬ್ಯಾಗ್ ತಗೊಳ್ಳಲಾ ಅಂತ ಕೇಳುತ್ತಾರೆ. ಅದರ ಹಿಡಿ ಎಳೆದರೆ ಬಲೂನ್ ಉಬ್ಬಿ ನಿಮ್ಮನ್ನು ಹಿಮದ ಮೇಲ್ಭಾಗದಲ್ಲಿ ಇಡಲು ನೋಡುತ್ತದೆ. ಉಪಯೋಗ ಇದೆ. ಆದರೆ ಅದು ಈ ಮೂರರ ಜೊತೆಗೆ, ಇವುಗಳ ಬದಲಿಗೆ ಅಲ್ಲ.

ಎಲ್ಲಿ ಕಲಿಯಬೇಕು

ಈ ಲೇಖನ ಓದಿ ಕಲಿತೆ ಅಂದುಕೊಳ್ಳಬೇಡಿ. ಈಜು ಪುಸ್ತಕದಿಂದ ಬರುತ್ತಾ? ಓದಿದರೆ ಕೋರ್ಸ್‌ನಲ್ಲಿ ತಲೆ ಬೇಗ ಓಡುತ್ತದೆ, ಅಷ್ಟೇ.

ಅಮೆರಿಕದಲ್ಲಿ ನೋ ಬಿಫೋರ್ ಯೂ ಗೋ ಎಂಬ ಉಚಿತ ಪರಿಚಯ ತರಗತಿ ಇದೆ, ಯೂಟಾ ಅವಲಾಂಚ್ ಸೆಂಟರ್ ಶುರು ಮಾಡಿದ್ದು. ಅದು ಮೊದಲ ಮೆಟ್ಟಿಲು. ಆಮೇಲೆ ಎರಡು ಕೋರ್ಸ್: ರಕ್ಷಣೆಯನ್ನಷ್ಟೇ ಕಲಿಸುವ ಒಂದು ದಿನದ ಅವಲಾಂಚ್ ರೆಸ್ಕ್ಯೂ, ಮತ್ತು ಇಳಿಜಾರು, ಹವಾಮಾನ, ಮುನ್ಸೂಚನೆ ಓದುವುದನ್ನು ಕಲಿಸುವ ಮೂರು ದಿನದ ಲೆವೆಲ್ 1. ಇವುಗಳ ಪಠ್ಯ ಎ.ಐ.ಎ.ಆರ್.ಇ. ಎಂಬ ಸಂಸ್ಥೆಯದು, ಕಲಿಸುವವರು ಬೇರೆ ಬೇರೆ ಗೈಡ್ ಕಂಪನಿಗಳು. ಕೆನಡಾದಲ್ಲಿರುವವರು ಎ.ಎಸ್.ಟಿ. 1 (ಅವಲಾಂಚ್ ಸ್ಕಿಲ್ಸ್ ಟ್ರೇನಿಂಗ್) ಅಂತ ಹುಡುಕಿ, ಎರಡು ದಿನದ್ದು. ಚಳಿಗಾಲ ಶುರುವಾದ ಮೇಲೆ ಸೀಟು ಸಿಗುವುದು ಕಷ್ಟ. ಅಕ್ಟೋಬರ್‌ನಲ್ಲೇ ಬುಕ್ ಮಾಡಿ, ಜೊತೆಗೆ ಹೋಗುವವರನ್ನೂ ಅದೇ ಬ್ಯಾಚಿಗೆ ಸೇರಿಸಿ.

ಭಾರತದಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್, ಮನಾಲಿ, ಪಹಲ್ಗಾಮ್‌ಗಳ ಸರ್ಕಾರಿ ಸಂಸ್ಥೆಗಳಲ್ಲಿ ಪರ್ವತಾರೋಹಣದ ಕೋರ್ಸ್‌ಗಳಿವೆ. ಆದರೆ ಬೀಕನ್ ಹಿಡಿದು ಹುಡುಕುವುದನ್ನು ನಿರ್ದಿಷ್ಟವಾಗಿ ಎಷ್ಟು ಹೊತ್ತು ಮಾಡಿಸುತ್ತೀರಿ ಅಂತ ಸೇರುವ ಮುಂಚೆ ಕೇಳಿ. ಗುಲ್ಮಾರ್ಗ್‌ನಲ್ಲಿ ಗೈಡ್ ಮಾಡಿಕೊಳ್ಳುವುದಾದರೆ ಮೊದಲ ದಿನವೇ ಅರ್ಧ ದಿನ ಇದಕ್ಕೆ ಕೊಡಿ ಅಂತ ಹಟ ಹಿಡಿಯಿರಿ. ದುಡ್ಡು ಕೊಡುವವರು ನೀವು, ಸಂಕೋಚ ಯಾಕೆ?

ಇನ್ನು ಹಂತಗಳು. ಕೋರ್ಸ್‌ನಲ್ಲಿ ಇದನ್ನೇ ಮಾಡಿಸುತ್ತಾರೆ.

ಹಂತ 0. ಹೊರಡುವ ಜಾಗದಲ್ಲೇ ಪರೀಕ್ಷೆ

ಬೆಳಿಗ್ಗೆ ಆ ಜಾಗದ ಹಿಮಕುಸಿತ ಮುನ್ಸೂಚನೆ ಓದಿ. ವಾಷಿಂಗ್ಟನ್‌ಗೆ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಚಳಿಗಾಲದಲ್ಲಿ ದಿನಾ ಕೊಡುತ್ತದೆ. ಅಪಾಯಕ್ಕೆ ಐದು ಮಟ್ಟ. ಮೂರನೆಯದು ಅಂದರೆ "ನಡುವಿನದು, ಪರವಾಗಿಲ್ಲ" ಅಂತ ಓದಿಕೊಳ್ಳುವವರೇ ಜಾಸ್ತಿ. ಹಾಗಲ್ಲ. ಮೂರರಲ್ಲೇ ಮನುಷ್ಯನ ತೂಕಕ್ಕೆ ಹಿಮ ಜಾರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಕಾರಿನಿಂದ ಇಳಿದ ಮೇಲೆ ಒಬ್ಬರು ಹುಡುಕುವ ಮೋಡ್‌ನಲ್ಲಿ ನಿಲ್ಲಿ, ಮಿಕ್ಕವರು ಒಬ್ಬೊಬ್ಬರಾಗಿ ಮುಂದೆ ಹಾದುಹೋಗಿ. ಎಲ್ಲರದ್ದೂ ಸಿಗ್ನಲ್ ಬರುತ್ತಾ ನೋಡಿ. ಆಮೇಲೆ ತಿರುಗಾಮುರುಗಾ: ಆ ಒಬ್ಬರು ಕಳಿಸುವ ಮೋಡ್‌ಗೆ ಬಂದು, ಅವರದ್ದು ಸರಿ ಇದೆಯಾ ಅಂತ ಮಿಕ್ಕವರು ನೋಡಿ. ಕೊನೆಗೆ ಎಲ್ಲರೂ ಕಳಿಸುವ ಮೋಡ್‌ನಲ್ಲಿ ಇದ್ದೀರಾ ಅಂತ ಬಾಯಿಬಿಟ್ಟು ಹೇಳಿಸಿ. ಎರಡು ನಿಮಿಷದ ಕೆಲಸ.

ಫೋನ್ ಎಲ್ಲಿದೆ? ಬೀಕನ್‌ನಿಂದ ಕನಿಷ್ಠ 20 ಸೆಂಟಿಮೀಟರ್ ದೂರ ಇರಬೇಕು, ಹುಡುಕುವಾಗ 50. ಗೋಪ್ರೋ ಕ್ಯಾಮೆರಾ, ಸ್ಮಾರ್ಟ್ ವಾಚ್, ಬ್ಯಾಟರಿ ಗ್ಲೌಸ್, ಆಯಸ್ಕಾಂತದ ಗುಂಡಿ ಇರುವ ಜಾಕೆಟ್, ಎಲ್ಲವೂ ಸಿಗ್ನಲ್ ಕೆಡಿಸುತ್ತವೆ. ಎದೆ ಜೇಬಿನಲ್ಲಿ ಫೋನ್ ಇಟ್ಟುಕೊಂಡು ಅದರ ಪಕ್ಕದಲ್ಲೇ ಬೀಕನ್ ಕಟ್ಟಿಕೊಂಡವರನ್ನು ಪ್ರತಿ ವರ್ಷ ನೋಡುತ್ತೇನೆ.

ಇಳಿಜಾರು ದಾಟುವಾಗ ಒಬ್ಬೊಬ್ಬರೇ. ಎಲ್ಲರೂ ಒಟ್ಟಿಗೆ ಹೋಗಿ ಎಲ್ಲರೂ ಹೂತುಹೋದರೆ ಹುಡುಕುವವರು ಯಾರು?

ಹಂತ 1. ಕುಸಿಯಿತು. ಮೊದಲ ಅರ್ಧ ನಿಮಿಷ

ಕಣ್ಣು ಕೀಳಬೇಡಿ. ಅವರು ಕೊನೆಗೆ ಕಂಡದ್ದು ಎಲ್ಲಿ? ಆ ಮರದ ಎಡಕ್ಕೆ, ಆ ಬಂಡೆಯ ಕೆಳಗೆ, ಹೀಗೆ ಗುರುತು ಇಟ್ಟುಕೊಳ್ಳಿ. ಹುಡುಕಾಟ ಅಲ್ಲಿಂದ ಕೆಳಕ್ಕೆ.

ತಲೆ ಎಣಿಸಿ. ಮೇಲೆ ಇನ್ನೂ ಜಾರಬಹುದಾದ ಹಿಮ ನೇತಾಡುತ್ತಿದೆಯಾ ನೋಡಿ. ಇದ್ದರೆ ನೀವೂ ಹೋಗಿ ಹೂತುಕೊಳ್ಳುವುದರಲ್ಲಿ ಅರ್ಥ ಇಲ್ಲ. ಒಬ್ಬರು ಮುಖ್ಯಸ್ಥರಾಗಿ, ಗಟ್ಟಿ ಸ್ವರದಲ್ಲಿ ಹೇಳಿ, "ಎಲ್ಲರೂ ಸರ್ಚ್‌ಗೆ ಹಾಕಿ". ಒಬ್ಬರದು ಕಳಿಸುವ ಮೋಡ್‌ನಲ್ಲೇ ಉಳಿದರೂ ಮಿಕ್ಕವರ ಬೀಕನ್ ಅವರನ್ನೇ ತೋರಿಸುತ್ತದೆ. ಹೂತವರನ್ನು ಬಿಟ್ಟು ನಿಂತವರ ಕಡೆಗೆ ಓಡುತ್ತೀರಿ. ತರಬೇತಿಯಲ್ಲಿ ಇದು ನಗು ತರಿಸುತ್ತದೆ, ಅಲ್ಲಿ ತರಿಸುವುದಿಲ್ಲ.

ಫೋನ್ ಸಿಗುತ್ತಿದ್ದರೆ ಒಬ್ಬರು 911ಕ್ಕೆ, ಭಾರತದಲ್ಲಾದರೆ 112ಕ್ಕೆ ಮಾಡಿ. ಒಬ್ಬರೇ ಮಾಡಿ, ಬೀಕನ್‌ಗಳಿಂದ ದೂರ ನಿಂತು. ಇರುವುದೇ ನೀವೊಬ್ಬರು, ಫೋನ್ ಸಿಗ್ನಲ್ ಇಲ್ಲ ಅಂದರೆ ಸಹಾಯ ತರಲು ಕೆಳಗೆ ಓಡಬೇಡಿ. ಮೊದಲು ಹುಡುಕಿ.

ಹಂತ 2. ಸಿಗ್ನಲ್ ಸಿಗುವ ತನಕ

ಕುಸಿದ ಹಿಮದ ಹಾಸು ದೊಡ್ಡದಿರುತ್ತದೆ. ಬೀಕನ್ ಹಿಡಿಯುವ ದೂರಕ್ಕೆ ಮಿತಿ ಇದೆ. ಒಬ್ಬರೇ ಆದರೆ ಅಂಕುಡೊಂಕಾಗಿ, ಅಂಚಿನಿಂದ ಅಂಚಿಗೆ, ಸುಮಾರು 40 ಮೀಟರ್ ಅಂತರದ ಸಾಲುಗಳಲ್ಲಿ ನಡೆಯಿರಿ. ಅಂಚಿಗೆ 20 ಮೀಟರ್ ಹತ್ತಿರ ಬಂದರೆ ಸಾಕು. ಮೂವರು ನಾಲ್ವರಿದ್ದರೆ 40 ಮೀಟರ್ ಬಿಟ್ಟು ಬಿಟ್ಟು ಸಾಲಾಗಿ ಇಳಿಯಿರಿ. ನಿಮ್ಮ ಬೀಕನ್‌ಗೆ ಸರಿಯಾದ ಅಂತರ ಎಷ್ಟು ಅಂತ ಮ್ಯಾನುಯಲ್‌ನಲ್ಲಿ ನೋಡಿಟ್ಟುಕೊಳ್ಳಿ.

ಇಲ್ಲಿ ಓಡಬಹುದು, ಓಡಲೇಬೇಕು. ಆದರೆ ಸ್ಕ್ರೀನ್ ನೋಡುತ್ತಾ ಓಡುವವರು ಹಿಮದ ಮೇಲೆ ಕಾಣುತ್ತಿರುವ ಗ್ಲೌಸನ್ನೇ ಬಿಟ್ಟು ಹೋಗುತ್ತಾರೆ. ಕಣ್ಣು ಹಿಮದ ಮೇಲಿರಲಿ, ಕಿವಿ ಬೀಕನ್ ಮೇಲಿರಲಿ. ಕೋಲು, ಟೋಪಿ, ಸ್ನೋಶೂ ತುದಿ, ಏನು ಕಂಡರೂ ಎಳೆದು ನೋಡಿ. ಅದರ ತುದಿಯಲ್ಲಿ ಕೈ ಇರಬಹುದು.

ಹಂತ 3. ಬಾಣದ ಹಿಂದೆ

ಸಿಗ್ನಲ್ ಸಿಕ್ಕಿತು. ಸ್ಕ್ರೀನ್ ಮೇಲೆ ಬಾಣ ಮತ್ತು ಸಂಖ್ಯೆ. ಸಂಖ್ಯೆ ಕಡಿಮೆ ಆಗುತ್ತಿದ್ದರೆ ಸರಿ ದಾರಿ, ಜಾಸ್ತಿ ಆಗುತ್ತಿದ್ದರೆ ಹಿಂದಕ್ಕೆ ತಿರುಗಿ.

ಬಾಣ ನೇರ ಕರೆದುಕೊಂಡು ಹೋಗುವುದಿಲ್ಲ, ಬಳಸಿ ಹೋಗುತ್ತದೆ. ಇದಕ್ಕೆ ಎಲ್ಲರೂ ಗಾಬರಿ ಆಗುತ್ತಾರೆ. ಹೈಸ್ಕೂಲಿನಲ್ಲಿ ಆಯಸ್ಕಾಂತದ ಮೇಲೆ ಕಾಗದ ಇಟ್ಟು ಕಬ್ಬಿಣದ ಪುಡಿ ಉದುರಿಸಿ ಕಾಗದವನ್ನು ಮೆಲ್ಲಗೆ ತಟ್ಟಿದ್ದು ನೆನಪಿದೆಯಾ? ಪುಡಿ ಕಮಾನು ಕಮಾನಾಗಿ ಕೂತಿತ್ತು. ಹಿಮದಡಿಯ ಬೀಕನ್ನೂ ಹಾಗೇ ಒಂದು ಕ್ಷೇತ್ರ ಹರಡಿರುತ್ತದೆ, ನಿಮ್ಮ ಬೀಕನ್ ಅದರ ಗೆರೆ ಹಿಡಿದು ನಡೆಸುತ್ತದೆ. ನೀವು ಜಾಣತನ ತೋರಿಸಿ ಅಡ್ಡದಾರಿ ಹಿಡಿಯಬೇಡಿ.

10 ಮೀಟರ್ ಬಂತಾ, ನಿಧಾನ ಮಾಡಿ. ಹಿಂದೆ ಬರುತ್ತಿರುವವರಿಗೆ ಸಂಖ್ಯೆ ಕೂಗಿ ಹೇಳಿ. ಅವರು ಅಷ್ಟರೊಳಗೆ ಪ್ರೋಬ್, ಸಲಿಕೆ ಜೋಡಿಸಿಟ್ಟುಕೊಳ್ಳಲಿ.

ಹಂತ 4. ಮಂಡಿಯೂರಿ, ನಿಧಾನ

3 ಮೀಟರ್ ಒಳಗೆ ಬಂದ ಮೇಲೆ ಮಂಡಿಯೂರಿ. ಬೀಕನ್ನನ್ನು ಹಿಮಕ್ಕೆ ತಾಗುವ ಹಾಗೆ ಹಿಡಿಯಿರಿ. ಇಲ್ಲಿ ಬಾಣ ಮಾಯವಾಗುತ್ತದೆ, ಅದು ಕೆಟ್ಟಿಲ್ಲ, ಹಾಗೇ ಮಾಡಿದ್ದಾರೆ. ಬಂದ ದಿಕ್ಕಿನಲ್ಲೇ ಮುಂದಕ್ಕೆ ಮೆಲ್ಲಗೆ ಜಾರಿಸಿ. ಸಂಖ್ಯೆ ಇಳಿಯುತ್ತದೆ, ಆಮೇಲೆ ಏರಲು ಶುರುವಾಗುತ್ತದೆ. ಅತಿ ಕಡಿಮೆ ಇದ್ದಲ್ಲಿಗೆ ವಾಪಸ್ ಬನ್ನಿ. ಈಗ ಅಲ್ಲಿಂದ ಎಡಕ್ಕೂ ಬಲಕ್ಕೂ ಹಾಗೇ. ಮತ್ತೆ ಅತಿ ಕಡಿಮೆ ಇದ್ದಲ್ಲಿ ಗುರುತು ಹಾಕಿ. ಆ ಸಂಖ್ಯೆ ಸುಮಾರಾಗಿ ಎಷ್ಟು ಆಳ ಅನ್ನುವುದನ್ನೂ ಹೇಳುತ್ತದೆ. 1.2 ಅಂದರೆ ಹತ್ತಿರ ಹತ್ತಿರ 1.2 ಮೀಟರ್.

ತಪ್ಪುವುದು ಎರಡು ಕಡೆ. ಒಂದು, ಬೀಕನ್ನನ್ನು ಕೈಯಲ್ಲಿ ತಿರುಗಿಸುವುದು. ಎಡ ಬಲ ಹೋಗುವಾಗಲೂ ಅದರ ಮೂತಿ ಒಂದೇ ದಿಕ್ಕಿಗೆ ಇರಬೇಕು, ತಿರುಗಿಸಿದರೆ ಸಂಖ್ಯೆ ಸುಳ್ಳು ಹೇಳುತ್ತದೆ. ಎರಡು, ಅವಸರ. ದೋಸೆ ಹಂಚಿನ ಮೇಲೆ ಹಿಟ್ಟು ಹರಡುವ ವೇಗ ಇರುತ್ತಲ್ಲ, ಅದಕ್ಕಿಂತ ಜೋರು ಬೇಡ. ಹಾಗಂತ ಅಂಗುಲ ಅಂಗುಲ ಅಳೆಯುತ್ತಾ ಮೂರು ನಿಮಿಷ ಕೂರುವುದೂ ಬೇಡ. ಎರಡು ಗೆರೆ ಹಾಕಿದಿರಾ, ಸಾಕು, ಪ್ರೋಬ್ ತೆಗೆಯಿರಿ.

ಹಂತ 5. ಚುಚ್ಚಿ ನೋಡುವುದು

ಪ್ರೋಬನ್ನು ಹಿಮದ ಮೇಲ್ಮೈಗೆ ಲಂಬವಾಗಿ ಚುಚ್ಚಿ. ಆಕಾಶಕ್ಕೆ ನೇರವಾಗಿ ಅಲ್ಲ, ಇಳಿಜಾರಿಗೆ ನೇರವಾಗಿ. ಸಿಗಲಿಲ್ಲವಾ, ಗುರುತಿನ ಸುತ್ತ ಸುರುಳಿ ಸುರುಳಿಯಾಗಿ 25 ಸೆಂಟಿಮೀಟರ್ ಬಿಟ್ಟು ಬಿಟ್ಟು ಚುಚ್ಚುತ್ತಾ ಹೋಗಿ. ಚಕ್ಕುಲಿ ಒತ್ತುವ ಹಾಗೆ.

ಮನುಷ್ಯನಿಗೆ ತಾಗಿದರೆ ಹೇಗೆ ಗೊತ್ತಾಗುತ್ತದೆ? ಕೈಗೆ ಗೊತ್ತಾಗುತ್ತದೆ. ನೆಲ, ಬಂಡೆ ಟಕ್ ಅನ್ನುತ್ತದೆ. ಮಂಜುಗಡ್ಡೆಯ ಪದರ ಕರಕ್ ಅಂತ ತಡೆದು ಬಿಡುತ್ತದೆ. ಮೈ ಮಾತ್ರ ಮೆತ್ತಗೆ ತಡೆದು ಒಂದಿಷ್ಟು ವಾಪಸ್ ತಳ್ಳುತ್ತದೆ, ದಪ್ಪ ಹಾಸಿಗೆಗೆ ಕೋಲು ಊರಿದ ಹಾಗೆ. ಇದನ್ನು ಬರೆದು ಹೇಳಲಾಗುವುದಿಲ್ಲ, ತುಂಬಿದ ಬ್ಯಾಗೊಂದನ್ನು ಹೂತು ಹತ್ತು ಸಲ ಚುಚ್ಚಿ ನೋಡಿ.

ತಾಗಿದ ಮೇಲೆ ಪ್ರೋಬ್ ಕೀಳಬೇಡಿ. ಕಿತ್ತರೆ ಮತ್ತೆ ಮೊದಲಿಂದ. ಅದು ಅಲ್ಲೇ ನಿಂತಿರಲಿ, ಅದರ ಮೇಲಿನ ಅಳತೆಯಿಂದ ಆಳ ನೋಡಿಕೊಳ್ಳಿ.

ಹಂತ 6. ಅಗೆಯುವುದು (ಎಲ್ಲರೂ ಇದನ್ನೇ ಮರೆಯುತ್ತಾರೆ)

ನಮ್ಮವರು ಬೀಕನ್‌ನಲ್ಲಿ ಬೇಗ ಪಳಗುತ್ತಾರೆ. ಗ್ಯಾಜೆಟ್ ಅಲ್ವಾ. ಸಲಿಕೆ ಹಿಡಿಯುವ ಹೊತ್ತಿಗೆ ಉಸ್ಸಂತ ಕೂರುತ್ತಾರೆ. ನಿಜ ಏನೆಂದರೆ ಇಡೀ ರಕ್ಷಣೆಯಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಅಗೆತ. ಒಂದು ಮೀಟರ್ ಆಳದಲ್ಲಿರುವವರನ್ನು ತೆಗೆಯಲು ಒಂದು ಟನ್‌ಗೂ ಜಾಸ್ತಿ ಹಿಮ ಎತ್ತಿ ಹಾಕಬೇಕಾಗುತ್ತದೆ. ಬೀಕನ್ ಹುಡುಕಾಟದಲ್ಲಿ 20 ಸೆಕೆಂಡು ಉಳಿಸಲು ತಿಂಗಳುಗಟ್ಟಲೆ ಅಭ್ಯಾಸ ಮಾಡುವವರು, ಅಗೆಯುವ ಕ್ರಮ ಕಲಿತರೆ ನಿಮಿಷಗಳನ್ನೇ ಉಳಿಸಬಹುದು.

ಪ್ರೋಬ್ ಪಕ್ಕದಲ್ಲಿ ನಿಂತು ಬಾವಿ ತೋಡಿದ ಹಾಗೆ ನೇರ ಕೆಳಕ್ಕೆ ಅಗೆಯಬೇಡಿ. ನೀವು ನಿಂತಿರುವುದು ಅವರ ಮೇಲೆ. ಮುಖದ ಮುಂದಿದ್ದ ಆ ಒಂದಿಷ್ಟು ಗಾಳಿಯ ಜಾಗ ನಿಮ್ಮ ಭಾರಕ್ಕೆ ಕುಸಿಯುತ್ತದೆ. ಜೊತೆಗೆ ಗುಂಡಿ ಆಳವಾದ ಹಾಗೆ ಹಿಮವನ್ನು ಮೇಲಕ್ಕೆ ಎಸೆಯಬೇಕಾಗುತ್ತದೆ, ಸೊಂಟ ಬೀಳುತ್ತದೆ.

ಪ್ರೋಬ್‌ನಿಂದ ಇಳಿಜಾರಿನ ಕೆಳಗೆ ಬನ್ನಿ, ಆಳದ ಒಂದೂವರೆ ಪಟ್ಟು ದೂರ. ಒಂದು ಮೀಟರ್ ಆಳ ಇದ್ದರೆ ಒಂದೂವರೆ ಮೀಟರ್ ಕೆಳಗೆ. ಅಲ್ಲಿಂದ ಪ್ರೋಬ್ ಕಡೆಗೆ ಅಡ್ಡವಾಗಿ ಅಗೆಯುತ್ತಾ ಹೋಗಿ. ತೀರಾ ಮೇಲೇ ಇದ್ದರೆ ಪ್ರೋಬ್‌ನ ಕೆಳಬದಿಯಿಂದಲೇ ಶುರು ಮಾಡಿ. ಮುಂದಿನವರು ಸಲಿಕೆಯ ಅಂಚಿನಿಂದ ಹಿಮವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಡಿಯಲಿ. ಹಿಂದಿನವರು ಎತ್ತಿ ಎಸೆಯುವುದು ಬೇಡ, ದೋಣಿಯಲ್ಲಿ ಹುಟ್ಟು ಹಾಕಿದ ಹಾಗೆ ಕೆಳಕ್ಕೆ ತಳ್ಳುತ್ತಾ ಹೋಗಲಿ. ನಾಲ್ಕೈದು ಜನ ಇದ್ದರೆ ವಿ ಆಕಾರದಲ್ಲಿ ನಿಲ್ಲಿ, ತುದಿ ಪ್ರೋಬ್ ಹತ್ತಿರ. ಇಬ್ಬರೇ ಇದ್ದರೆ ಒಬ್ಬರ ಹಿಂದೆ ಒಬ್ಬರು. ಮುಂದೆ ಕಡಿಯುವವರು ಸುಸ್ತಾಗುವ ಮುಂಚೆಯೇ ಜಾಗ ಬದಲಿಸಿ. "ನನಗೇನೂ ಆಗಿಲ್ಲ" ಅನ್ನುವವರನ್ನೂ ಹಿಂದಕ್ಕೆ ಕಳಿಸಿ.

ಹಂತ 7. ಮುಖ ಸಿಕ್ಕಿತು

ಮೊದಲು ಮುಖ. ಮೈ ಪೂರ್ತಿ ಬರುವ ತನಕ ಕಾಯಬೇಡಿ. ಬಾಯಿ ಮೂಗಿನಲ್ಲಿ ಹಿಮ ತುಂಬಿದೆಯಾ ನೋಡಿ ತೆಗೆಯಿರಿ, ಎದೆಯ ಮೇಲಿನ ಭಾರ ಇಳಿಸಿ. ಉಸಿರಿಲ್ಲವಾದರೆ ಅಲ್ಲೇ ಉಸಿರು ಕೊಡಲು ಶುರು ಮಾಡಿ. ಇದು ಉಸಿರು ಕಟ್ಟಿ ಆದದ್ದು, ಹಾಗಾಗಿ ಎದೆ ಒತ್ತುವುದೊಂದೇ ಸಾಲದು, ಬಾಯಿಂದ ಉಸಿರೂ ಕೊಡಬೇಕು. ಇದನ್ನು ಪ್ರಥಮ ಚಿಕಿತ್ಸೆಯ ಕೋರ್ಸ್‌ನಲ್ಲಿ ಗೊಂಬೆಯ ಮೇಲೆ ಮೊದಲೇ ಕಲಿತುಕೊಂಡಿರಿ.

ಪೆಟ್ಟು ಬಿದ್ದಿರಬಹುದು. ಕುತ್ತಿಗೆ, ಬೆನ್ನನ್ನು ಜೋಪಾನವಾಗಿ ಹಿಡಿಯಿರಿ, ಕೈ ಹಿಡಿದು ಎಳೆಯಬೇಡಿ. ಕೆಳಗೆ ಬ್ಯಾಗ್ ಹಾಸಿ, ಮೇಲೆ ಇರುವ ಜಾಕೆಟ್ ಎಲ್ಲ ಹೊದಿಸಿ. ಮೈ ತಣ್ಣಗಾಗಿದೆ ಅಂತ ಹೋಗಿಬಿಟ್ಟರು ಅಂದುಕೊಳ್ಳಬೇಡಿ, ಅದನ್ನು ಹೇಳಬೇಕಾದವರು ವೈದ್ಯರು. ಇನ್ನೊಬ್ಬರೂ ಹೂತಿದ್ದರೆ, ಸಿಕ್ಕವರ ಬೀಕನ್ ಆಫ್ ಮಾಡಿ ಮುಂದಿನವರನ್ನು ಹುಡುಕಿ. ಇಬ್ಬರ ಸಿಗ್ನಲ್ ಒಟ್ಟಿಗೆ ಬರುವಾಗ ಹುಡುಕುವುದು ಬೇರೆಯೇ ಪಾಠ, ಮೊದಲು ಒಬ್ಬರನ್ನು ಹುಡುಕುವುದು ಕೈಗೆ ಕೂರಲಿ.

ಅಭ್ಯಾಸ ಎಲ್ಲಿ, ಹೇಗೆ

ಹಂತ 2ರಿಂದ 4ರ ತನಕ ಹಿಮವೇ ಬೇಕಿಲ್ಲ. ಒಂದು ಬೀಕನ್ನನ್ನು ಕಳಿಸುವ ಮೋಡ್‌ಗೆ ಹಾಕಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪಾರ್ಕಿನ ಎಲೆ ರಾಶಿಯೊಳಗೆ ಮಕ್ಕಳ ಕೈಲಿ ಬಚ್ಚಿಡಿಸಿ. ಅವರಿಗೆ ಆಟ, ನಿಮಗೆ ಪಾಠ. ಬೆಂಗಳೂರಿನವರು ಅಪಾರ್ಟ್‌ಮೆಂಟ್ ಕೆಳಗೆ ಮಾಡಬೇಡಿ, ವೈರು, ಕಾರು, ಟ್ರಾನ್ಸ್‌ಫಾರ್ಮರ್ ನಡುವೆ ಬೀಕನ್ ತಲೆ ಕೆಟ್ಟ ಹಾಗೆ ಆಡುತ್ತದೆ. ದೊಡ್ಡ ಮೈದಾನಕ್ಕೆ ಹೋಗಿ. ಮೊದಲ ಸಲ ನನಗೆ ಪಾರ್ಕಿನಲ್ಲೇ ಒಂಬತ್ತು ನಿಮಿಷ ಹಿಡಿಯಿತು, ಅದೂ ಬಿಸಿಲಲ್ಲಿ, ಯಾವ ಗಾಬರಿಯೂ ಇಲ್ಲದೆ.

ಅಗೆತಕ್ಕೆ ಒಳ್ಳೆಯ ಜಾಗ ಪಾರ್ಕಿಂಗ್ ಲಾಟ್. ಹಿಮ ಗುಡಿಸುವ ಗಾಡಿ ಅಂಚಿಗೆ ಒಟ್ಟಿದ ರಾಶಿ ಇರುತ್ತದಲ್ಲ, ಅದು ಕುಸಿದ ಹಿಮದಷ್ಟೇ ಗಟ್ಟಿ. ಗಾಡಿ ಓಡಾಡದ ಹೊತ್ತು ನೋಡಿ ಒಂದು ಹಳೇ ಬ್ಯಾಗ್ ಹೂತು, ಗಡಿಯಾರ ಇಟ್ಟು ಅಗೆಯಿರಿ. ಗ್ಲೌಸ್ ಹಾಕಿಕೊಂಡೇ. ಪ್ರೋಬ್ ಜೋಡಿಸುವುದೂ ಗ್ಲೌಸಿನಲ್ಲೇ.

ಒಂದು ಸಲ ಕೋರ್ಸ್ ಮಾಡಿ ಐದು ವರ್ಷ ಆಯಿತು ಅನ್ನುವವರ ಜೊತೆ ನಾನು ಹೋಗುವುದಿಲ್ಲ. ಪ್ರತಿ ವರ್ಷ ಮೊದಲ ಹಿಮಕ್ಕೆ ಒಂದು ದಿನ ಅಭ್ಯಾಸಕ್ಕೇ ಇಡಿ.

ಭಾರತಕ್ಕೆ ಹೋಗುವವರಿಗೆ ಎರಡು ಮಾತು

ಇಲ್ಲಿ ಅಮೆರಿಕದಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ನಾವು ಸ್ಯಾಟಲೈಟ್ ಮೆಸೆಂಜರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ) ಒಯ್ಯುತ್ತೇವೆ. ಅದನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡು ಭಾರತಕ್ಕೆ ಹೋಗಬೇಡಿ. ಅಲ್ಲಿ ಸರ್ಕಾರದ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್, ಮೆಸೆಂಜರ್ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಜನರನ್ನು ಹಿಡಿದಿದ್ದಾರೆ. ಹಿಮಕುಸಿತದ ಬೀಕನ್ ಬೇರೆ ಸಾಮಾನು, ಆದರೂ ಭದ್ರತಾ ತಪಾಸಣೆಯಲ್ಲಿ ಏನಿದು ಅಂತ ಕೇಳುತ್ತಾರೆ, ಮ್ಯಾನುಯಲ್ ಜೊತೆಗಿರಲಿ.

ಗುಲ್ಮಾರ್ಗ್‌ನಲ್ಲಿ ಗೊಂಡೋಲಾ, ಅಂದರೆ ಕೇಬಲ್ ಕಾರು, ಅಫರ್ವತ್ ಬೆಟ್ಟದ ನೆತ್ತಿಯ ಹತ್ತಿರಕ್ಕೇ ಬಿಡುತ್ತದೆ. ಟಿಕೆಟ್ ಕೊಂಡು ಹತ್ತಿದ ಜಾಗ ಅಂದಮೇಲೆ ಸುರಕ್ಷಿತ ಅನ್ನಿಸುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಕಾವಲಿಲ್ಲದ ಇಳಿಜಾರು. 2023ರ ಫೆಬ್ರವರಿ 1ರಂದು ಅದೇ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು. ಪರ್ವತ ಪ್ರದೇಶಗಳ ಹಿಮಕುಸಿತ ಮುನ್ಸೂಚನೆಯನ್ನು ರಕ್ಷಣಾ ಇಲಾಖೆಯ ಡಿ.ಜಿ.ಆರ್.ಇ. ಸಂಸ್ಥೆ ಕೊಡುತ್ತದೆ. ಗುಲ್ಮಾರ್ಗ್‌ನಲ್ಲಾದರೆ ಸ್ಕೀ ಪ್ಯಾಟ್ರೋಲ್‌ನವರನ್ನು (ಅಲ್ಲಿನ ಇಳಿಜಾರು ಕಾಯುವ ಸಿಬ್ಬಂದಿ) ಬೆಳಿಗ್ಗೆ ಕೇಳಿ. ಯಾವ ಭಾಗ ಮುಚ್ಚಿದ್ದಾರೆ ಅಂತ ಕೇಳಿಕೊಂಡೇ ಹೊರಡಿ.

ಕೊನೆಯದಾಗಿ, ಮೇ ತಿಂಗಳಲ್ಲಿ ಸಾಮಾನು ಒಳಗಿಡುವಾಗ ಬೀಕನ್‌ನ ಬ್ಯಾಟರಿ ತೆಗೆದಿಡಿ. ಒಳಗೇ ಬಿಟ್ಟರೆ ಸೋರಿ ತಗಡು ಹಸಿರಾಗಿರುತ್ತದೆ, ಅದು ನಿಮಗೆ ಗೊತ್ತಾಗುವುದು ಡಿಸೆಂಬರ್‌ನ ಶನಿವಾರ ಬೆಳಿಗ್ಗೆ ಐದು ಗಂಟೆಗೆ, ಎಲ್ಲರೂ ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿರುವಾಗ. ಅವತ್ತು ನೀವು ಮನೆಯಲ್ಲೇ ಇರಿ.